ಗೋಸುಂಬೆಯ ಗೂಡಿಗೆ ತಂದ ಗಿಡಗಳು

ಆಗಸ್ಟ್ 4, ಸೋಮವಾರ

‘ಯಾರೂ ಓದಬಾರದು’ ಎಂದು ಮೊದಲ ಪುಟದಲ್ಲಿ ಬರೆದೆ. ಹಾಗೆ ಬರೆದರೆ ಓದಬೇಕು ಅನ್ನಿಸುವುದೇ ಹೆಚ್ಚು ಎಂದು ಹೊಡೆದುಹಾಕಿದೆ. ಹೊಡೆದುಹಾಕಿದ್ದನ್ನು ಕಂಡರೆ ಇನ್ನೂ ಕುತೂಹಲವಾದೀತು. ಇರಲಿ. ಅಜ್ಜಿಯ ಊರಾದ ಈ ಮ್ವಿಕಾದಲ್ಲಿ ಇದನ್ನು ಯಾರು ಓದುತ್ತಾರೆ? ಬೈಬಲ್ಲಿನ ದೊಡ್ಡಕ್ಷರ ಬಿಟ್ಟರೆ ಅಜ್ಜಿಗೆ ಬೇರೆ ಬರಹ ಕಾಣುವುದಿಲ್ಲ.

ಯೂನಿವರ್ಸಿಟಿಯ ಮೊದಲ ವರ್ಷ ಮುಗಿಯಿತು, ಒಂದು ಪ್ರಾಕ್ಟಿಕಲ್ ಬಿಟ್ಟು. ಎಲ್ಲರೂ ಗೋಸುಂಬೆಯನ್ನು ಕೈಮೇಲೆ ಹತ್ತಿಸಿಕೊಂಡು ಅದರ ಬೆರಳು ಎಣಿಸಿದರು. ನನ್ನ ಸರದಿ ಬಂದಾಗ ನಾನು ಮೇಜಿನ ಆಚೆ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆನಂತೆ. ನನಗೆ ನೆನಪಿಲ್ಲ. ಶಾಯೊ ಮೇಡಮ್ ಬೈಯಲಿಲ್ಲ, ಅದೇ ಕಷ್ಟವಾಗಿದ್ದು. "ರಜೆಯಲ್ಲಿ ಒಂದನ್ನು ಸಾಕು ಐಕಾಂಡೆ. ಗೂಡು ಮಾಡು, ಕೊಂಬೆ ನೀನೇ ಆರಿಸು, ಏಳೆಂಟು ವಾರ ನೋಡಿ ಬರೆದು ತಾ. ಕೊಂಬೆ ಸರಿಯಾಗಿದ್ರೆ ಅದು ಬದುಕುತ್ತೆ, ಇಲ್ಲದಿದ್ರೆ ಇಲ್ಲ. ನನಗೆ ಬೇರೆ ಪರೀಕ್ಷೆ ಬೇಡ" ಎಂದರು.

ಬಸ್ಸಿಳಿದು ಬಂದು ತಲೆ ಬಗ್ಗಿಸಿ "ಶಿಕಮೋ ಅಜ್ಜಿ" ಎಂದೆ. "ಮರಹಬಾ" ಎಂದು ವಂದನೆ ಒಪ್ಪಿಕೊಂಡು ತಲೆ ಮುಟ್ಟಿ, "ಬಂದ್ಯಾ ದೊರೆಸಾನಿ? ಈ ಸಲ ನಮ್ಮ ಮಾತು ಎಷ್ಟು ಮರೆತು ಬಂದೆ?" ಎಂದರು. ಏಳನೇ ವಯಸ್ಸಿಗೇ ಹಾಸ್ಟೆಲ್ ಸೇರಿದವಳು ನಾನು. ಅಲ್ಲಿ ನಮ್ಮ ಚಗ್ಗಾ ಭಾಷೆಯಲ್ಲಿ ಒಂದು ಮಾತಾಡಿದರೂ ಶಿಕ್ಷೆಯಾಗಿ ಕೊರಳಿಗೆ ಮರದ ಹಲಗೆ ಬೀಳುತ್ತಿತ್ತು. ಅಜ್ಜಿ ಬೇಗ ಬೇಗ ಮಾತಾಡಿದರೆ ಈಗಲೂ ಅರ್ಧ ದಾಟಿಹೋಗುತ್ತದೆ. ಮತ್ತೆ ಕೇಳಲು ನಾಚಿಕೆ. ತಲೆಯಾಡಿಸುತ್ತೇನೆ.

ಸಂಜೆ ತೋಟದ ಆ ಕಡೆಯಿಂದ ಅನಾಯೆಲಿ ಚಿಕ್ಕಜ್ಜ ಹಾಲು ತಂದರು. ಅಜ್ಜನ ತಮ್ಮ. ದಿನಾ ತರುತ್ತಾರಂತೆ. ಒಂದೂವರೆ ವರ್ಷದ ಹಿಂದಿನವರೆಗೆ ಅಜ್ಜಿಗೂ ಅವರಿಗೂ ಮಾತೇ ಇರಲಿಲ್ಲ. ಹನ್ನೊಂದು ವರ್ಷ, ಜಮೀನಿನ ಜಗಳ. ಅಜ್ಜನನ್ನು ಮಣ್ಣು ಮಾಡಿದ ಮಾರನೇ ದಿನ ಹಿರಿಯರು ಕೂತು ಗಡಿ ಮಾಡಿಕೊಟ್ಟು, ಇಬ್ಬರಿಗೂ ಒಂದೇ ಸೋರೆಬುರುಡೆಯಲ್ಲಿ ಮ್ಬೆಗೆ, ಬಾಳೆಹಣ್ಣಿನ ಹೆಂಡ, ಕುಡಿಸಿದರಂತೆ. ನನಗೆ ಆಗ ಪರೀಕ್ಷೆ, ಹಾಸ್ಟೆಲಿನಿಂದ ಬಿಡಲಿಲ್ಲ. ಈಗ ಹಾಲು ಬಂದ ಮೇಲೇ ಅಜ್ಜಿಯ ಊಟ. ತಡವಾದರೆ ಬಾಗಿಲಲ್ಲೇ ನಿಂತಿರುತ್ತಾರೆ. ಹಾಲಿಗಾಗಿ ಅಲ್ಲ ಎಂಬುದು ನನಗೂ ತಿಳಿಯುತ್ತದೆ.

ಆಗಸ್ಟ್ 6, ಬುಧವಾರ

ಗೋಸುಂಬೆ ಅಂದದ್ದೇ ಅಜ್ಜಿ ಹೊದ್ದ ಬಟ್ಟೆಯ ತುದಿಯನ್ನು ಬಾಯಿಗೆ ಹಿಡಿದುಕೊಂಡರು.

"ಮನೆಯೊಳಗಾ? ಅದಿರಬೇಕೋ ನಾನಿರಬೇಕೋ, ಈಗಲೇ ಹೇಳಿಬಿಡು."

"ಪರೀಕ್ಷೆಗೆ, ಅಜ್ಜಿ."

"ನಿಮ್ಮ ಯೂನಿವರ್ಸಿಟಿಗೆ ಓದೋಕೆ ಹಸು ಕುರಿ ಸಿಗಲಿಲ್ವಾ? ಆ ಅಪಶಕುನವೇ ಬೇಕಿತ್ತಾ?"

ಕೊನೆಗೆ ಹಿತ್ತಲಿನ ಹಳೇ ಮೇಕೆಕೊಟ್ಟಿಗೆ ಕೊಟ್ಟರು. ಅಲ್ಲಿ ಮುರುಕು ಬಾಗಿಲಿನ ಜಾಲರಿ ಕಪಾಟು ಇತ್ತು, ಹಿಂದೆ ಮಾಂಸ ಇಡುತ್ತಿದ್ದದ್ದು. ಅದೇ ಗೂಡು. "ಇನ್ನು ನಾನು ಆ ಕಡೆ ತಲೆ ಹಾಕಲ್ಲ" ಎಂದು ಹೇಳಿಯೇ ಹೋದರು.

ಸಂಜೆ ಚಿಕ್ಕಜ್ಜ ಹಾಲಿನ ಜೊತೆ ಒಂದು ಕಾಫಿ ಕಡ್ಡಿಯನ್ನೂ ಹಿಡಿದು ಬಂದರು. ಕಡ್ಡಿಯ ತುದಿಯಲ್ಲಿ ಅದು. ಹಸಿರು, ಮೂಗಿನ ಮುಂದೆ ಎರಡು ಚಪ್ಪಟೆ ಕೊಂಬು, ಒಂದು ಕಣ್ಣು ಚಿಕ್ಕಜ್ಜನ ಮೇಲೆ, ಇನ್ನೊಂದು ನನ್ನ ಮೇಲೆ.

"ಹಿಡಿ."

"ಅಲ್ಲೇ ಇಡಿ ಚಿಕ್ಕಜ್ಜ. ಪ್ಲೀಸ್."

"ಕಚ್ಚಲ್ಲ ಮಗಾ. ಕಚ್ಚಿದ್ರೂ ನಿಮ್ಮಜ್ಜಿ ಮಾತಿನಷ್ಟು ನೋವಾಗಲ್ಲ."

"ಕೇಳಿಸ್ತು!" ಅಡುಗೆಮನೆಯಿಂದ ಅಜ್ಜಿ.

"ಕೇಳಿಸ್ಲಿ ಅಂತಾನೇ ಹೇಳಿದ್ದು ಅತ್ತಿಗೆ."

ನಾನು ಎರಡೂ ಕೈಗೆ ಕಾಲುಚೀಲ ಹಾಕಿಕೊಂಡು, ಉದ್ದ ಸೌಟಿನಿಂದ ಕಡ್ಡಿಯನ್ನು ಒಳಗೆ ತಳ್ಳಿ ಬಾಗಿಲು ಕಟ್ಟಿದೆ. ಆಮೇಲೆ ನಾಲ್ಕು ಸಲ ಹೋಗಿ ಗಂಟು ನೋಡಿದೆ.

ಆಗಸ್ಟ್ 9, ಶನಿವಾರ

ಕೊಂಬೆಯ ವಿಷಯ ನಾನಂದುಕೊಂಡಷ್ಟು ಸುಲಭವಿಲ್ಲ. ಮೊದಲು ಪೊರಕೆಯ ಹಿಡಿ, ಹಳೇ ಪರದೆಯ ಕೋಲು, ಹೀಗೆ ನಾಲ್ಕನ್ನು ಅಡ್ಡಡ್ಡ ಕಟ್ಟಿದೆ. ಒಂದೇ ಅಳತೆ, ಒಂದೇ ಅಂತರ. ಹಾಸ್ಟೆಲಿನ ಮಂಚಗಳ ಹಾಗೆ ಸಾಲಾಗಿ ಚೆನ್ನಾಗಿ ಕಾಣುತ್ತಿತ್ತು. ಅದು ಮಾತ್ರ ಕಾಲಿಟ್ಟಲ್ಲೆಲ್ಲ ಜಾರಿ ಜಾರಿ, ಕೊನೆಗೆ ಜಾಲರಿಗೆ ಅಂಟಿಕೊಂಡು ಎರಡು ದಿನ ಅಲ್ಲೇ ಉಳಿಯಿತು. ಉಗುರು ಕಿತ್ತುಬರುತ್ತದೆಂದು ಒಂದು ಕಡೆ ಓದಿದೆ.

ಚಿಕ್ಕಜ್ಜ ಬಂದು ನೋಡಿದರು. "ಇದೇನು, ಗೋಸುಂಬೆಗೋ ಬಟ್ಟೆ ಒಣಗಿಸೋಕೋ?"

ತಮ್ಮ ಹೆಬ್ಬೆರಳು ತೋರುಬೆರಳು ಸೇರಿಸಿ ಇಕ್ಕಳದ ಹಾಗೆ ಮಾಡಿ ತೋರಿಸಿದರು. "ಇದರ ಪಾದ ಹೀಗೆ. ಬೆರಳು ಸುತ್ತಿ ಬರಬೇಕು, ಆದರೆ ತುದಿಗೆ ತುದಿ ತಾಗಬಾರದು. ಹೆಬ್ಬೆಟ್ಟಿನ ಗಾತ್ರದ್ದು ಹಗಲಿಗೆ. ಓಡಾಡೋಕೆ ಓರೆಯಾಗಿ ಒಂದೆರಡು, ಒಂದರಿಂದ ಇನ್ನೊಂದಕ್ಕೆ ಕಾಲು ಸಿಗೋ ಹಾಗೆ. ನಿದ್ದೆಗೆ ಮಾತ್ರ ಕಡ್ಡಿಯಂಥ ತುದಿ ಬೇಕು."

"ಮುರಿದುಬಿದ್ದರೆ?"

"ಮುರಿಯಲ್ಲ, ನಡುಗುತ್ತೆ. ಹಾವು ಹತ್ತಿದ್ರೆ ಕಡ್ಡಿ ನಡುಗಬೇಕು, ಆಗ ಇದಕ್ಕೆ ಎಚ್ಚರ. ಗಟ್ಟಿ ಹಾಸಿಗೆ ಬೇಕು ಅನ್ನೋದು ನಮ್ಮಂಥವರಿಗೆ."

ತಮ್ಮ ತೋಟಕ್ಕೆ ಕರೆದುಕೊಂಡು ಹೋಗಿ ಎರಡು ಕಾಫಿ ಗಿಡ ತೋರಿಸಿದರು. ಮದುವೆಯಾದ ವರ್ಷ ನೆಟ್ಟವಂತೆ, ಅವರ ಮೊದಲ ಗಿಡಗಳು. ಚಿಕ್ಕಜ್ಜಿ ಹೋದಮೇಲೂ ಅವು ಇವೆ ಎಂದರು. ಹಳೆಯ ಕೊಂಬೆ ನಾನೇ ಕಡಿಯಬೇಕು ಎಂದು ಗರಗಸ ಕೊಟ್ಟರು. "ಓರೆಯಾಗಿ ಕಡಿ. ನೀರು ನಿಂತ್ರೆ ಕೊಳೆಯುತ್ತೆ." ನನ್ನ ಕಡಿತ ನಾಲ್ಕೂ ಸೊಟ್ಟಗೆ, ಹಲ್ಲು ಹಲ್ಲಾಗಿ ಬಂದವು. "ಇಲಿ ಕಡಿದಂಗಿದೆ" ಎಂದು ನಕ್ಕರು. ನಮ್ಮ ತೋಟ ಎಲ್ಲಿ ಮುಗಿದು ಅವರದು ಎಲ್ಲಿ ಶುರುವಾಗುತ್ತದೋ ನನಗೆ ತಿಳಿಯುವುದಿಲ್ಲ. ಬೇಲಿಯಿಲ್ಲ, ಎರಡೂ ಕಡೆ ಅದೇ ಬಾಳೆ, ಅದೇ ಕಾಫಿ.

ಕಟ್ಟಿದ ಕಾಲು ಗಂಟೆಗೆ ಅದು ಜಾಲರಿ ಬಿಟ್ಟು ಕಾಫಿ ಕೊಂಬೆಗೆ ಬಂತು.

ಆಗಸ್ಟ್ 12, ಮಂಗಳವಾರ

ಕಟ್ಟಿದ ಕೊಂಬೆಗಳ ಎಲೆಗಳೆಲ್ಲ ಬಾಡಿದವು. ಗೋಸುಂಬೆ ನೀರು ಕುಡಿಯುತ್ತಿಲ್ಲ. ಬಟ್ಟಲಿನಲ್ಲಿಟ್ಟರೆ ಅದಕ್ಕೆ ಅದು ನೀರೆಂದೇ ಗೊತ್ತಾಗುವುದಿಲ್ಲವಂತೆ. ಎಲೆಯ ಮೇಲಿನ ಹನಿಯೇ ಆಗಬೇಕು. ಕಣ್ಣು ಒಳಗೆ ಹೋಗಿದೆ. ಚಿಕ್ಕಜ್ಜನನ್ನು ಕೇಳೋಣವೆಂದು ಎರಡು ಸಲ ಹೊರಟು ಎರಡು ಸಲ ವಾಪಸ್ ಬಂದೆ. ಎಷ್ಟು ಸಲ ಕೇಳುವುದು? ‘ಇಷ್ಟೂ ತಿಳಿಯದೇ’ ಅಂದುಕೊಂಡರೆ?

ಆಗಸ್ಟ್ 13, ಬುಧವಾರ

ಸಿಕ್ಕಿತು! ಗೂಡಿಗೆ ಯಾವ ಗಿಡ ಒಳ್ಳೆಯದು ಎಂದು ಫೋನಿನಲ್ಲಿ ಹುಡುಕಿದರೆ ಎಲ್ಲ ಕಡೆಯೂ ಮೊದಲು ಬರುವುದು ಒಂದೇ ಚಿತ್ರ: ಜೋಳದಂಥ ಉದ್ದ ಎಲೆ, ಬೆತ್ತದಂಥ ಕಾಂಡ. ವಿಷವಿಲ್ಲ, ಭಾರ ತಾಳುತ್ತದೆ, ಹನಿ ನಿಲ್ಲುತ್ತದೆ. ಹಾಸ್ಟೆಲಿನ ವಾರ್ಡನ್ ಸಿಸ್ಟರ್ ರೂಮಿನ ಮೂಲೆಯಲ್ಲಿ ಕುಂಡದಲ್ಲಿದ್ದದ್ದು ಇದೇ. ಅದರ ಎಲೆಯ ಧೂಳೊರೆಸುವ ಪಾಳಿ ನನಗೂ ಬರುತ್ತಿತ್ತು. ಅಲಂಕಾರದ ಗಿಡ. ಅಂಥ ಮೂರು ಗಿಡ ತೋಟದ ನಡುವೆ, ಯಾರಿಗೂ ಬೇಡವಾದ ಹಾಗೆ ನಿಂತಿದ್ದನ್ನು ಮೊನ್ನೆಯಷ್ಟೇ ನೋಡಿದ್ದೆ.

ಅಜ್ಜಿ ಸಂತೆಗೆ ಹೋಗಿದ್ದರು. ಮೂರನ್ನೂ ಬೇರುಸಹಿತ ಎತ್ತಿದೆ. ಒಂದನ್ನು ಡಬ್ಬಿಯಲ್ಲಿ ನೆಟ್ಟು ಗೂಡಿನೊಳಗಿಟ್ಟೆ. ಉಳಿದೆರಡರ ಕಾಂಡ ತುಂಡು ಮಾಡಿ ಓರೆ ದಾರಿಗಳಾಗಿ ಕಟ್ಟಿದೆ. ಹೆಬ್ಬೆಟ್ಟಿನ ಗಾತ್ರ, ಹಿಡಿತಕ್ಕೆ ಉಂಗುರ ಉಂಗುರದ ಗೆಣ್ಣು, ಕಡ್ಡಿ ಅಳ್ಳಾಡುವುದಿಲ್ಲ. ಗುಂಡಿಗಳನ್ನು ಮುಚ್ಚಿ, ತುಳಿದು, ಮೇಲೆ ಬಾಳೆಯ ತರಗು ಹಾಸಿದೆ. ಎಲ್ಲಿ ಅಗೆದದ್ದೆಂದು ಈಗ ನನಗೇ ಗೊತ್ತಾಗುವುದಿಲ್ಲ. ಸಿಸ್ಟರ್ ನೋಡಿದ್ದರೆ ಭೇಷ್ ಅನ್ನುತ್ತಿದ್ದರು.

ಸಂಜೆ ನೀರು ಚಿಮುಕಿಸಿದೆ. ಎಲೆಯ ತೊಟ್ಟಿನ ಹತ್ತಿರ ಒಂದು ಹನಿ ನಿಂತಿತು. ನಮ್ಮ ಗೋಸುಂಬೆ, ‘ಅದು’ ಅನ್ನಲು ಇನ್ನು ಮನಸ್ಸಿಲ್ಲ, ಅವನು ಮೂರು ಹೆಜ್ಜೆ ಮುಂದೆ, ಒಂದು ಹಿಂದೆ, ಹಾಗೆ ತೂಗಿಕೊಂಡು ಬಂದು ಕುಡಿದ. ಗಂಟಲು ಅಲ್ಲಾಡುವುದು ಕಂಡಿತು. ಅಳು ಬಂತು, ಇಷ್ಟಕ್ಕೆಲ್ಲ.

ಆಗಸ್ಟ್ 15, ಶುಕ್ರವಾರ

ನಿನ್ನೆ ಹಾಲು ಬರಲಿಲ್ಲ. ಇವತ್ತೂ ಇಲ್ಲ. ಅಜ್ಜಿ ಬಾಗಿಲಲ್ಲಿ ನಿಂತು, "ಹಸುಗೆ ಏನಾದ್ರೂ ಆಯ್ತೇನೋ" ಎಂದರು. ಆಮೇಲೆ, "ಇವನಿಗೇ ಏನಾದ್ರೂ ಆಯ್ತೇನೋ" ಎಂದರು.

ಆಗಸ್ಟ್ 16, ಶನಿವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಅಜ್ಜಿ ಚಿಕ್ಕಜ್ಜನನ್ನು ನೋಡಿಬರುತ್ತೇನೆಂದು ಗೊನೆ ಬಾಳೆಕಾಯಿ ಹೊತ್ತು ಹೋದವರು ಅರ್ಧ ದಾರಿಯಿಂದಲೇ ವಾಪಸ್ ಬಂದರು. ಬಾಳೆಕಾಯಿ ಜಗಲಿಗೆ ಎಸೆದರು.

"ಕಿತ್ತಿದಾನೆ. ಮೂರನ್ನೂ ಕಿತ್ತಿದಾನೆ. ನೆಲ ಸವರಿ ಮೇಲೆ ತರಗು ಬೇರೆ ಹಾಸಿದಾನೆ, ಕಳ್ಳ!"

"ಏನನ್ನ ಅಜ್ಜಿ?"

"ಇಸಾಲೆ! ಗಡಿ ಇಸಾಲೆ! ನಿಮ್ಮಜ್ಜನ ಗೋರಿ ಮಣ್ಣು ಆರೋ ಮುಂಚೆ ಊರೆಲ್ಲ ನೋಡ್ತಿದ್ದಂಗೆ ನೆಟ್ಟಿದ್ದು. ಹಾಲು ತಂದುಕೊಟ್ಟು ಕೊಟ್ಟು ಕೊನೆಗೆ ಇದನ್ನ ಮಾಡೋಕಾ? ನಮ್ಮವರಲ್ಲಿ ಯಾವನೂ, ಕುಡಿದವನೂ, ಹುಚ್ಚನೂ, ಇಸಾಲೆಗೆ ಕೈ ಹಾಕಲ್ಲ."

ಇಸಾಲೆ ಎಂಬ ಹೆಸರು ನನಗೆ ಗೊತ್ತು. ಏಳನೇ ಕ್ಲಾಸಿನ ಪಾಠದಲ್ಲಿತ್ತು: ‘ನಮ್ಮ ಪೂರ್ವಿಕರ ಪವಿತ್ರ ಸಸ್ಯ’. ಐದಕ್ಕೆ ಐದು ಅಂಕ ಬಂದಿತ್ತು. ಚಿತ್ರವಿರಲಿಲ್ಲ.

"ಅದು ಹೇಗಿರುತ್ತೆ ಅಜ್ಜಿ?" ಎಂದೆ. ನನ್ನ ದನಿ ನನಗೇ ದೂರದಿಂದ ಕೇಳಿಸಿತು.

ಅಜ್ಜಿ ಎರಡೂ ಕೈ ಮೇಲೆತ್ತಿ ಬೆರಳು ಬಾಗಿಸಿ ಎಲೆ ತೋರಿಸಿದರು.

ನಾನು ಹೇಳಲಿಲ್ಲ.

ಆ ಕಡೆ ಚಿಕ್ಕಜ್ಜ ಅವನ್ನು ಅಜ್ಜಿಯೇ ಕಿತ್ತಿದ್ದು ಅಂದುಕೊಂಡಿರಬೇಕು. ಅದಕ್ಕೇ ಹಾಲಿಲ್ಲ.

ಆಗಸ್ಟ್ 17, ಭಾನುವಾರ

ಚರ್ಚಿನಲ್ಲಿ ಅಜ್ಜಿ ಎಡಗಡೆ ಮೊದಲ ಬೆಂಚು, ಚಿಕ್ಕಜ್ಜ ಬಲಗಡೆ ಕೊನೆಯ ಬೆಂಚು. ಹೊರಗೆ ಬಂದಾಗ ಅವರ ಮುಂದೆ ಹೋಗಿ ತಲೆ ಬಗ್ಗಿಸಿ "ಶಿಕಮೋ" ಎಂದೆ. ಅವರು ನನ್ನನ್ನು ನೋಡಿದರು, ನನ್ನ ಹಿಂದೆ ನಿಂತ ಅಜ್ಜಿಯನ್ನು ನೋಡಿದರು. ಮರಹಬಾ ಬರಲಿಲ್ಲ. ತಲೆ ಎಷ್ಟು ಹೊತ್ತು ಬಗ್ಗಿಸಿಕೊಂಡಿರಬೇಕೋ ತಿಳಿಯಲಿಲ್ಲ.

ಆಗಸ್ಟ್ 19, ಮಂಗಳವಾರ

ನಾಳೆ ಹೇಳುತ್ತೇನೆ.

ಆಗಸ್ಟ್ 20, ಬುಧವಾರ

ಅಜ್ಜಿಗೆ ತಲೆನೋವು. ಇವತ್ತು ಬೇಡ ಅನ್ನಿಸಿತು.

ಆಗಸ್ಟ್ 21, ಗುರುವಾರ

ಕದ್ದು ವಾಪಸ್ ನೆಟ್ಟುಬಿಟ್ಟರೆ? ಮಧ್ಯಾಹ್ನ ಗೂಡಿನ ಮುಂದೆ ಕೂತು ಲೆಕ್ಕ ಹಾಕಿದೆ. ಬೇರಿರುವುದು ಡಬ್ಬಿಯದ್ದೊಂದೇ. ಉಳಿದವು ಆರು ತುಂಡಾಗಿವೆ. ಅವುಗಳಲ್ಲೊಂದರ ಗೆಣ್ಣಿನಲ್ಲಿ ಚಿಗುರು ಮೂಡಿದೆ, ನಿಂತ ನೆಲವೇ ಇಲ್ಲದೆ. ಅವನು ಅದರ ಪಕ್ಕದಲ್ಲೇ ಕೂತು ಬಿಸಿಲಿಗೆ ಒಂದು ಮಗ್ಗುಲು ಒಡ್ಡಿದ್ದ. ಅವನನ್ನು ಬರಿಗೈಯಲ್ಲೇ ಎತ್ತಿ ಮಡಿಲಲ್ಲಿಟ್ಟುಕೊಂಡು (ಕಾಲುಚೀಲದ ನೆನಪೇ ಆಗಲಿಲ್ಲ) ತುಂಡುಗಳ ಹಗ್ಗ ಬಿಚ್ಚಲು ಹೋದೆ, ಆಮೇಲೆ ಬಿಚ್ಚಲಿಲ್ಲ. ಅವನ ದಾರಿಯೆಲ್ಲ ಇದೇ ಆಗಿದೆ. ಬಿಚ್ಚಿದರೆ ಎಲ್ಲಿ ನಡೆಯುತ್ತಾನೆ?

ಅಜ್ಜಿ ಎರಡು ದಿನದಿಂದ ಚಹಾ ಬಿಟ್ಟರೆ ಏನೂ ತೆಗೆದುಕೊಂಡಿಲ್ಲ. ಚಹಾವೂ ಹಾಲಿಲ್ಲದ್ದು. ಅಂಗಡಿ ಹಾಲು ತರುತ್ತೇನೆ ಎಂದೆ. "ಬೇಡ, ಅದು ನೀರು" ಎಂದರು.

ಆಗಸ್ಟ್ 23, ಶನಿವಾರ

"ನಾಳೆ ಚರ್ಚು ಮುಗಿದ ಮೇಲೆ ನಮ್ಮ ಕುಲದ ತರಿಮೊ ಹಿರಿಯರನ್ನ ಕರೆಸಿದೀನಿ. ಎಲ್ಲರ ಮುಂದೆ ಕೇಳ್ತೀನಿ, ಯಾಕೆ ಕಿತ್ತೆ ಅಂತ. ಅವನು ನನ್ನ ಪಾಲಿಗೆ ಸತ್ತ ಅಂತ ಹೇಳೇ ಬರ್ತೀನಿ. ಒಂದು ಸಲ ಅಂದ್ಮೇಲೆ ಮುಗೀತು, ಇನ್ನು ಮ್ಬೆಗೆಯಲ್ಲ, ದೇವರೇ ಬಂದ್ರೂ ಸೇರಿಸೋಕಾಗಲ್ಲ."

ಅಜ್ಜಿ ಒಲೆ ಊದುತ್ತಾ ಹೇಳಿದರು. ಹೊಗೆಯಿಂದಲೋ ಏನೋ ಕಣ್ಣು ಒರೆಸಿಕೊಂಡರು.

"ನಾನು" ಎಂದೆ.

"ನೀನೂ ಬಾ. ಯಾರು ಬೇಡ ಅಂದ್ರು?"

"ನಾನು ಕಿತ್ತೆ ಅಜ್ಜಿ. ಮೂರನ್ನೂ. ಗೋಸುಂಬೆಗೆ."

ಅಜ್ಜಿ ಊದುಕೊಳವೆ ಕೆಳಗಿಟ್ಟರು. ಹೊಡೆಯುತ್ತಾರೆ ಅಂದುಕೊಂಡೆ, ಹೊಡೆದಿದ್ದರೆ ಒಳ್ಳೆಯದಿತ್ತು. ಹತ್ತು ದಿನವಾಯಿತಲ್ಲ ಎಂದಷ್ಟೇ ಅಂದರು, ಅದೂ ನನಗಲ್ಲ, ಒಲೆಗೆ. ಆಮೇಲೆ ಎದ್ದು ಸೀದಾ ಹಿತ್ತಲಿಗೆ ನಡೆದರು. ಮೇಕೆಕೊಟ್ಟಿಗೆಯ ಬಾಗಿಲು ತಳ್ಳಿ ಒಳಗೆ ಹೋಗಿ ಗೂಡಿನ ಮುಂದೆ ನಿಂತರು. ನಾನು ಅವನನ್ನು ಹೆಗಲಿಗೆ ಹಾಕಿಕೊಂಡು ಬಾಗಿಲು ತೆಗೆದೆ. ಅಜ್ಜಿ ನನ್ನ ಹೆಗಲನ್ನೇ ನೋಡುತ್ತ ಒಂದು ಹೆಜ್ಜೆ ಹಿಂದೆ ಸರಿದರು, ಮತ್ತೆ ಮುಂದೆ ಬಂದು ಕೈ ಹಾಕಿ ಡಬ್ಬಿಯ ಗಿಡದಿಂದ ಒಂದು ಎಲೆ ಕಿತ್ತರು. ನಡುವೆ ಒಂದು ಗಂಟು ಹಾಕಿದರು.

"ಎರಡೂ ಕೈಯಲ್ಲಿ ಹಿಡ್ಕೊಂಡು ಹೋಗು. ಬಾಗಿಲಲ್ಲಿ ನಿಂತ್ಕೊ, ಒಳಗೆ ಕಾಲಿಡಬೇಡ. ಅವನು ತಗೊಳ್ಳೋವರೆಗೂ ಮಾತಾಡಬೇಡ."

"ತಗೊಳ್ಳದಿದ್ದರೆ?"

"ಕ್ಷಮೆ ಕೇಳೋಕೆ ಇಸಾಲೆ ಹಿಡಿದು ಬಂದವರನ್ನ ಹಿಂದಕ್ಕೆ ಕಳಿಸೋ ಹಾಗಿಲ್ಲ. ಮಗನ್ನ ಕೊಂದವನು ಬಂದ್ರೂ ಕಳಿಸೋ ಹಾಗಿಲ್ಲ. ಇದನ್ನೂ ಹೇಳಿಕೊಡಲಿಲ್ವಾ ನಿಮ್ಮ ಹಾಸ್ಟೆಲಿನಲ್ಲಿ?"

ಆಗಸ್ಟ್ 24, ಭಾನುವಾರ

ಬೆಳಿಗ್ಗೆ ಹೋದೆ. ಚಿಕ್ಕಜ್ಜ ಹಸುವಿಗೆ ಬಾಳೆದಿಂಡು ಕೊಚ್ಚುತ್ತಿದ್ದರು. ಎಲೆ ನೋಡಿ ಕತ್ತಿ ಕೆಳಗಿಟ್ಟರು. ಬಹಳ ಹೊತ್ತು ತಗೊಳ್ಳಲಿಲ್ಲ. ಆಮೇಲೆ ಕೈ ಒರೆಸಿಕೊಂಡು ತಗೊಂಡರು.

"ಯಾರು ಕಳಿಸಿದ್ದು? ಅವಳಾ?"

"ನಾನೇ ಚಿಕ್ಕಜ್ಜ. ಕಿತ್ತಿದ್ದು ನಾನು. ನೀರು ಕುಡೀತಿರಲಿಲ್ಲ, ಎಲೆ ಬೇಕಿತ್ತು. ಗೊತ್ತಿರಲಿಲ್ಲ."

"ನನ್ನ ಒಂದು ಮಾತು ಕೇಳಬಾರದಿತ್ತಾ ಮಗಾ? ಹತ್ತು ಥರ ಗಿಡ ತೋರಿಸ್ತಿದ್ದೆ."

ಅವರು ಗಂಟು ಹಾಕಿದ ಎಲೆಯನ್ನು ಅಂಗಿಯ ಜೇಬಿಗೆ ಇಟ್ಟುಕೊಂಡರು.

"ಹತ್ತು ದಿನ ನಾನು ಆ ಮುದುಕಿಗೆ ಏನೇನು ಅಂದೆ ಗೊತ್ತಾ? ಜೋರಾಗಿ ಅಲ್ಲ. ಒಳಗೆ" ಎಂದು ಎದೆ ಮುಟ್ಟಿಕೊಂಡರು. "ಅದನ್ನ ಯಾವ ಎಲೆಯಿಂದ ಒರೆಸಲಿ?"

ಚರ್ಚು ಮುಗಿದ ಮೇಲೆ ತರಿಮೊ ಹಿರಿಯರು, ಅಜ್ಜಿ, ಚಿಕ್ಕಜ್ಜ, ನಾನು ತೋಟದಲ್ಲಿ ನಿಂತೆವು. ಹಿರಿಯರು ಹೊಸ ಇಸಾಲೆ ಸಸಿ ಮೂರು ತಂದಿದ್ದರು. "ಇವರಿಬ್ಬರಲ್ಲಿ ಯಾರು ಜಾಗ ತೋರಿಸಿದ್ರೂ ನಾಳೆ ಇನ್ನೊಬ್ಬರ ಮನಸ್ಸಿನಲ್ಲಿ ಮುಳ್ಳು ಉಳಿಯುತ್ತೆ. ಕಿತ್ತವಳೇ ತೋರಿಸಲಿ. ಅವಳು ಬೆರಳು ಮಾಡಿದ್ದೇ ಗಡಿ. ಒಪ್ಪಿಗೆನಾ?" ಎಂದರು. ಇಬ್ಬರೂ ಒಪ್ಪಿದರು.

ತರಗು ಎಲ್ಲ ಕಡೆಯೂ ಒಂದೇ ಥರ. ಕಾಫಿ ಗಿಡ ಎಲ್ಲ ಒಂದೇ ಥರ. ಮೂವರೂ ನನ್ನ ಬೆರಳನ್ನೇ ನೋಡುತ್ತಿದ್ದರು. ಒಂದು ಕಡೆ ಕಾಲಲ್ಲಿ ಒತ್ತಿದೆ, ಮೆತ್ತಗಿದೆ ಅನ್ನಿಸಿತು. ಇನ್ನೊಂದು ಕಡೆಯೂ ಮೆತ್ತಗಿತ್ತು. ತಡ ಮಾಡಿದಷ್ಟೂ ಸುಳ್ಳು ಅಂದುಕೊಳ್ಳುತ್ತಾರೆ ಅನ್ನಿಸಿ ತೋರಿಸಿಬಿಟ್ಟೆ.

ಚಿಕ್ಕಜ್ಜನೇ ಗುದ್ದಲಿ ತಗೊಂಡು ಅಲ್ಲೇ ಅಗೆದು ಮೂರನ್ನೂ ನೆಟ್ಟರು. ಮ್ಬೆಗೆ ಕುಡಿದರು. ಸಂಜೆ ಹಾಲು ಬಂತು. ಅಜ್ಜಿ ಊಟ ಮಾಡಿದರು.

ಅಲ್ಲೇ ಇರಬೇಕು. ಅಲ್ಲೇ.

ಸೆಪ್ಟೆಂಬರ್ 2, ಮಂಗಳವಾರ

ಅವನು ಪೊರೆ ಬಿಡುತ್ತಿದ್ದಾನೆ. ಮೈಯುಜ್ಜಲು ಒರಟು ತೊಗಟೆ ಬೇಕು ಎಂದು ಒಂದು ಪೇರಲದ ಕೊಂಬೆ ಹೊಸದಾಗಿ ಕಟ್ಟಿದೆ, ಕಡಿಯಬಹುದೇ ಎಂದು ಅಜ್ಜಿಯನ್ನು ಕೇಳಿಯೇ ಕಡಿದೆ. ಪೇರಲದ ತೊಗಟೆ ಒರಟಲ್ಲ, ಅದು ನುಣುಪು ಎಂದು ಅಜ್ಜಿ ನಕ್ಕರು. ನಿಜ. ನಾಳೆ ಸಿಲ್ವರ್ ಓಕ್ ನೋಡಬೇಕು.

ಹಾಲು ದಿನಾ ಬರುತ್ತದೆ. ಆದರೆ ಚಿಕ್ಕಜ್ಜ ಜಗಲಿಯಲ್ಲಿ ಇಟ್ಟು ಹೋಗುತ್ತಾರೆ. ಅಡುಗೆಮನೆಗೆ ಕೇಳಿಸುವ ಹಾಗೆ ಏನೂ ಅನ್ನುವುದಿಲ್ಲ.

ಸೆಪ್ಟೆಂಬರ್ 6, ಶನಿವಾರ

ನೋಡಬಾರದಿತ್ತು.

ಒಣ ಕಡ್ಡಿ ಹುಡುಕುತ್ತ ಹೊಸ ಇಸಾಲೆಯ ಹತ್ತಿರ ಹೋದೆ. ಅದರ ಈಚೆಗೆ, ನಮ್ಮ ಕಡೆಗೆ, ಎರಡು ಕಾಫಿ ಗಿಡ. ಎರಡರ ಮೇಲೂ ಕಡಿದ ಗುರುತು. ಸೊಟ್ಟಗೆ, ಹಲ್ಲು ಹಲ್ಲಾಗಿ, ಇಲಿ ಕಡಿದ ಹಾಗೆ. ನನ್ನ ಕಡಿತ. ನಾಲ್ಕೂ.

ಚಿಕ್ಕಜ್ಜನ ಗಿಡಗಳು. ಮದುವೆಯ ವರ್ಷದವು. ಈಗ ನಮ್ಮ ಪಾಲಿಗೆ ಬಂದಿವೆ, ನನ್ನ ಬೆರಳಿನಿಂದ.

ಅವರೇ ಕೈಯಾರೆ ಅಗೆದು ನೆಟ್ಟರಲ್ಲ ಅವತ್ತು. ಗೊತ್ತಾಗಲಿಲ್ಲವೇ? ಗೊತ್ತಾಗದೇ ಇರುತ್ತದೆಯೇ?

ಇನ್ನೊಂದನ್ನು ಬರೆಯಬೇಕು. ತೋರಿಸುವ ಮುಂಚೆ ನಾನು ಅಜ್ಜಿಯ ಮುಖ ನೋಡಿದೆ. ಅಜ್ಜಿ ಸುಮ್ಮನೆ ಒಂದು ಕಡೆ ನೋಡುತ್ತಿದ್ದರು. ನಾನು ಅಲ್ಲಿಗೇ ಬೆರಳು ಮಾಡಿದೆನೇ? ಅವರಿಗೆ ಒಳ್ಳೆಯದಾಗಲಿ ಎಂದೇ? ಅಥವಾ ಬೇಗ ಮುಗಿಯಲಿ ಎಂದೇ? ಎಷ್ಟು ಯೋಚಿಸಿದರೂ ಆ ಕ್ಷಣ ಸಿಗುವುದಿಲ್ಲ. ಪ್ರಾಕ್ಟಿಕಲ್ ದಿನ ಮೇಜಿನ ಆಚೆ ಹೋಗಿ ನಿಂತ ಹಾಗೆಯೇ.

ಸೆಪ್ಟೆಂಬರ್ 7, ಭಾನುವಾರ

ಈ ಸಲ ಹತ್ತು ದಿನ ಕಾಯಲಿಲ್ಲ. ಚರ್ಚಿನಿಂದ ಬರುವಾಗ ದಾರಿಯಲ್ಲೇ ಚಿಕ್ಕಜ್ಜನ ಜೊತೆ ಹೆಜ್ಜೆ ಹಾಕಿದೆ.

"ನಾನು ತಪ್ಪು ತೋರಿಸಿದೆ ಚಿಕ್ಕಜ್ಜ. ಆ ಎರಡು ಗಿಡ ನಿಮ್ಮವು."

"ಹೂಂ."

"ನಿಮಗೆ ಅವತ್ತೇ ಗೊತ್ತಿತ್ತಾ?"

"ಹಿಂದಿನ ಸಲ ಗುಂಡಿ ತೋಡಿದವನೂ ನಾನೇ ಅಲ್ವಾ?"

"ಮತ್ತೆ ಯಾಕೆ ಅಲ್ಲಿ ನೆಟ್ಟಿರಿ?"

ಅವರು ನಿಂತರು. ಚರ್ಚಿನ ಬೂಟಿಗೆ ಹತ್ತಿದ ಕೆಂಪು ಮಣ್ಣನ್ನು ಕಲ್ಲಿಗೆ ಉಜ್ಜಿದರು. "ಬೆಳಿಗ್ಗೆ ನಿನ್ನ ಕೈಯಿಂದ ಎಲೆ ತಗೊಂಡು, ಮಧ್ಯಾಹ್ನ ನೀನು ಸುಳ್ಳುಗಾತಿ ಅಂತ ಹೇಳಲಾ? ಹಾಗಾದ್ರೆ ಬೆಳಿಗ್ಗೆ ತಗೊಂಡಿದ್ದು ಏನು?"

"ಈಗ ಸರಿ ಮಾಡೋಣ. ನಾನೇ ಎಲ್ಲರ ಮುಂದೆ ಹೇಳ್ತೀನಿ. ಕಿತ್ತು ಎರಡು ಮಾರು ಆಚೆ ನೆಟ್ಟರೆ..."

"ಕಿತ್ತು!" ಎಂದರು. ಬೈದದ್ದಲ್ಲ, ಆಶ್ಚರ್ಯಪಟ್ಟ ಹಾಗೆ. "ಅದು ಬೇರು ಬಿಟ್ಟಾಯ್ತು ಮಗಾ. ಎರಡು ಸಲ ಕಿತ್ತ ಗಡಿ ಗಡಿಯಲ್ಲ, ಆಟ. ಮೂರನೇ ಸಲ ಯಾರು ಬೇಕಾದ್ರೂ ಕೀಳ್ತಾರೆ. ಎರಡು ಗಿಡ ಹೋದ್ರೆ ಹೋಗ್ಲಿ, ಹಾಲು ಹೋಗೋದಿದೆಯಲ್ಲ, ಆ ಮನೆಗೆ, ಅದು ನಿಲ್ಲಬಾರದು." ಸ್ವಲ್ಪ ದೂರ ನಡೆದ ಮೇಲೆ, "ಅತ್ತಿಗೆಗೆ ಹೇಳಬೇಡ. ತಿಳಿದ್ರೆ ಅವಳಿಗೆ ಆ ಹಾಲು ಇಳಿಯಲ್ಲ" ಎಂದರು.

ತಿರುವಿನಲ್ಲಿ "ಶಿಕಮೋ" ಎಂದೆ. "ಮರಹಬಾ" ಎಂದರು. ಬೇಡವೆಂದರೂ ನನಗೆ ಹಗುರವಾಯಿತು. ಆ ಹಗುರವೂ ಕದ್ದದ್ದೇ ಅನ್ನಿಸಿತು.

ಸೆಪ್ಟೆಂಬರ್ 18, ಗುರುವಾರ

ಅಜ್ಜಿ ಈಗ ಕೊಟ್ಟಿಗೆಯ ಬಾಗಿಲವರೆಗೆ ಬಂದು ನಿಂತು ನೋಡುತ್ತಾರೆ. "ಮಲಗೋಕೆ ಇಷ್ಟು ತೆಳ್ಳಗಿನ ಕಡ್ಡಿ ಸಾಕಾ ಅವನಿಗೆ?" ಎಂದರು. ನಡುಗಿದರೆ ಎಚ್ಚರವಾಗಲಿ ಎಂದು, ಎಂದೆ. ಅಜ್ಜಿ, "ಹಾಗಾದ್ರೆ ಅವನಿಗೆ ಗಾಢ ನಿದ್ದೆ ಅನ್ನೋದೇ ಇಲ್ಲ" ಎಂದರು.

ಮೇಡಮ್‌ಗೆ ಬರೆದದ್ದು ನಲವತ್ತು ಪುಟ ದಾಟಿದೆ. ಚಿಕ್ಕಜ್ಜ ಹೇಳಬೇಡ ಎಂದದ್ದನ್ನು ಅಜ್ಜಿಗೆ ಹೇಳದೇ ಇರುವುದು ಸುಲಭ ಅಂದುಕೊಂಡಿದ್ದೆ.

ಸೆಪ್ಟೆಂಬರ್ 27, ಶನಿವಾರ

ನಾಡಿದ್ದು ಬಸ್ಸು. ಇವತ್ತು ಕಾಫಿ ಕೊಯ್ಲು.

ಅಜ್ಜಿಯ ಜೊತೆ ಬುಟ್ಟಿ ಕಟ್ಟಿಕೊಂಡು ಸಾಲು ಹಿಡಿದು ಕೊಯ್ದೆ. ಇಸಾಲೆ ಹತ್ತಿರವಾದಷ್ಟೂ ಕೈ ನಿಧಾನವಾಯಿತು. ಆ ಎರಡು ಗಿಡ ಈ ವರ್ಷ ಹಣ್ಣಿನ ಭಾರಕ್ಕೆ ಬಾಗಿವೆ. ಅಜ್ಜಿ ಅವುಗಳ ಹಿಂದಿನ ಗಿಡ ಮುಗಿಸಿ, ಬುಟ್ಟಿ ಎತ್ತಿಕೊಂಡು, ಬೇರೆ ಸಾಲಿಗೆ ತಿರುಗಿದರು.

"ಅಜ್ಜಿ, ಇವೆರಡು?"

"ಬಿಡು."

"ಯಾಕೆ?"

"ನಮ್ಮದಲ್ಲದ್ದನ್ನ ನಾನು ಕೊಯ್ಯಲ್ಲ."

ನನ್ನ ಕೈಯಲ್ಲಿದ್ದ ಹಣ್ಣು ಕೆಳಗೆ ಬಿದ್ದವು. ಆರಿಸಲು ಬಗ್ಗಿದವಳು ಅಲ್ಲಿಂದಲೇ ಕೇಳಿದೆ.

"ನಿಮಗೂ ಗೊತ್ತಿತ್ತಾ?"

"ಆ ಗಿಡಕ್ಕೆ ನೀರು ಹೊತ್ತವಳು ಅವನ ಹೆಂಡತಿ. ನಾನೂ ಅವಳ ಜೊತೆ ಹೊತ್ತಿದೀನಿ. ಗೊತ್ತಿರಲ್ವಾ?"

"ಮತ್ತೆ ಅವತ್ತು ಯಾಕೆ ಹೇಳಲಿಲ್ಲ ಅಜ್ಜಿ?"

"ಹಿರಿಯರ ಮುಂದೆ ನನ್ನ ಮೊಮ್ಮಗಳನ್ನ ಎರಡನೇ ಸಲ ನಿಲ್ಲಿಸಲಾ? ಅವನು ಹೇಳ್ತಾನೆ ಅಂದ್ಕೊಂಡೆ. ಅವನು ಗುದ್ದಲಿ ತಗೊಂಡ." ಅಜ್ಜಿ ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾದರು. "ಅವನಿಗೆ ಹೇಳಬೇಡ ನನಗೆ ಗೊತ್ತು ಅಂತ. ಕೊಟ್ಟೆ ಅನ್ನೋ ಸಮಾಧಾನ ಆದ್ರೂ ಇರ್ಲಿ."

ಇಬ್ಬರೂ ಒಬ್ಬರಿಂದೊಬ್ಬರು ಮುಚ್ಚಿಟ್ಟದ್ದನ್ನು ಕಾಯಲು ನನ್ನ ಕೈಗೇ ಕೊಟ್ಟಿದ್ದಾರೆ.

ಮಧ್ಯಾಹ್ನ ಆ ಕಡೆಯಿಂದ ಚಿಕ್ಕಜ್ಜನೂ ಕೊಯ್ಯುತ್ತ ಬಂದರು. ಇಸಾಲೆಯವರೆಗೆ ಬಂದು ನಿಲ್ಲಿಸಿದರು. ಅಜ್ಜಿ ಈಚೆ ಒಂದು ಕಲ್ಲಿನ ಮೇಲೆ, ಅವರು ಆಚೆ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತರು. ನಡುವೆ ಎರಡು ಗಿಡ.

"ಕೊಯ್ಲು ಮುಗೀತಾ ಅತ್ತಿಗೆ?"

"ಮುಗೀತು. ನಿಂದು?"

"ನಂದೂ ಮುಗೀತು."

ಬಿಸಿಲು ಇಳಿದಾಗ ಹಕ್ಕಿಗಳು ಬಂದವು, ಒಂದು ಗುಂಪೇ. ಆ ಎರಡರ ಮೇಲೇ ಕೂತು ಹಣ್ಣು ಚೀಪಿ ಬೀಜ ಉದುರಿಸತೊಡಗಿದವು. ಅಜ್ಜಿ ಏಳಲಿಲ್ಲ. ಚಿಕ್ಕಜ್ಜನೂ ಏಳಲಿಲ್ಲ. ಓಡಿಸಬೇಕಾದವರು ಯಾರೆಂದು ತಿಳಿಯದೆ ನಾನೂ ಕೂತೇ ಇದ್ದೆ.